ಬೆಳ್ಳನ ಗದ್ದುಗೆ

ಗಿಡ್ಡಮ್ಮನ ಸಿಟ್ಟು ಸೊಕ್ಕೆ ಊರಿನಲ್ಲಿ ಎಲ್ಲರಿಗೂ ಗೊತ್ತು. ಬೋರಿನ ನೀರಿನ ಪಾಳಿ ತಪ್ಪಿಸಿದವನನ್ನು ಅವಳು ಬದುವಿನ ಮೇಲೆ ನಿಂತೇ ಬೈಯುತ್ತಾಳೆ, ಬೈದು ಮುಗಿಸಿ ಅವನಿಗೇ ಮಜ್ಜಿಗೆ ಕೊಡುತ್ತಾಳೆ. ಅದು ಒಲೆಯ ಬೆಂಕಿಯಂಥ ಸಿಟ್ಟು. ಅಡುಗೆ ಆದಮೇಲೆ ಆರುತ್ತದೆ. ಗಂಡ ಚಿಕ್ಕಹನುಮಂತಪ್ಪ ಅದಕ್ಕೆ ಒಗ್ಗಿಹೋಗಿದ್ದಾನೆ. ಆದರೆ ಈ ಸಲ ದೀಪಾವಳಿ ಕಳೆದ ವಾರ ಅವಳಿಗೆ ಬಂದದ್ದು ಬೇರೆ ಸಿಟ್ಟು. ಅದು ಬೈಯಲಿಲ್ಲ. ಬಂದು ಒಳಗೆ ಕೂತುಕೊಂಡಿತು.

ಅಂಗಳದಲ್ಲಿ ಮೆಕ್ಕೆಜೋಳದ ತೆನೆ ಸುಲಿಯುತ್ತಿದ್ದರು. ಜಗಳೂರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಮಮತಾ ಅಂದು ರಜೆಯೆಂದು ಮನೆಯಲ್ಲಿದ್ದಳು. ತೆನೆಗಿಂತ ಫೋನೇ ಹೆಚ್ಚು ಹೊತ್ತು ಅವಳ ಕೈಯಲ್ಲಿತ್ತು.

"ಅವ್ವಾ, ನೋಡಿಲ್ಲಿ! ಮಾಲತೇಶ್ ಮಾಮ ಯೂಟ್ಯೂಬಾಗೆ ಬಂದಾನೆ!"

ಗಿಡ್ಡಮ್ಮ ಬಗ್ಗಿ ನೋಡಿದಳು. ತವರೂರು ಗೋವಿನಕೋವಿಯ ಹೊಳೆದಂಡೆ. ಬಿಳಿ ಅಂಗಿ ತೊಟ್ಟ ತಮ್ಮ ನಿಂತಿದ್ದ. ಅವನ ಹಿಂದೆ ಹೊಸದಾಗಿ ಸಿಮೆಂಟು ಹಾಕಿದ ಒಂದು ಕಟ್ಟೆ, ಇನ್ನೂ ಹಸಿ. ಯಾರೋ ಹುಡುಗ ಮೈಕು ಹಿಡಿದು, "ಅಣ್ಣಾ, ಸರದಾರ ಹೋರಿ ಬಗ್ಗೆ ಹೇಳ್ರಿ" ಎಂದ.

"ಆ ಹರೆಯದ ದಿನ ಮತ್ತೆ ಬರಲ್ಲಪ್ಪಾ," ಮಾಲತೇಶ್ ಹೊಳೆಯ ಕಡೆ ನೋಡಿದ. "ತಾಯಿ ಸತ್ತ ಕರ ಅದು. ಗೊಟ್ಟದಾಗೆ ಗಂಜಿ ಹುಯ್ದು ನಾನೇ ಸಾಕಿದ್ದು. ಈ ಮಳಲಾಗೆ ನಾನು ಮುಂದೆ, ಅದು ಹಿಂದೆ ಓಡ್ತಿದ್ವಿ. ಹಬ್ಬದಾಗೆ ಒಂದು ಬಟ್ಲು ಕೊಬ್ಬರಿ ಹರಿಯಾಕೆ ಯಾವ ಗಂಡಸಿಗೂ ಕೊಡಲಿಲ್ಲ. ಕೊನೆಗೆ ನನ್ನ ತೊಡಿಮ್ಯಾಲೆ ತಲೆ ಇಟ್ಟೇ ಜೀವ ಬಿಡ್ತು. ಇಲ್ಲೇ, ಈ ಜಾಗದಾಗೇ ಮಣ್ಣು ಮಾಡಿದ್ವಿ." ಅಷ್ಟು ಹೇಳಿ ಕಣ್ಣೊರೆಸಿಕೊಂಡ.

ಮಮತಾಳ ಕಣ್ಣೂ ಒದ್ದೆಯಾಗಿತ್ತು. "ಪಾಪ, ಮಾಮ ಎಷ್ಟು ಹಚ್ಕಂಡಿದ್ದ ನೋಡವ್ವಾ."

"ಇನ್ನೊಂದ್ಸಲ ಹಾಕು," ಎಂದಳು ಗಿಡ್ಡಮ್ಮ.

ಮಗಳು ಮತ್ತೆ ಹಾಕಿದಳು. ಗಿಡ್ಡಮ್ಮ ಕೊನೆಯವರೆಗೂ ಕೇಳಿದಳು. ಕೈಯಲ್ಲಿದ್ದ ತೆನೆಯನ್ನು ಕೆಳಗಿಟ್ಟಳು.

"ಆ ಕರ ಸಾಕಿದ್ದು ನಾನು."

ಮಮತಾ ತಮಾಷೆ ಎಂದುಕೊಂಡು ನಕ್ಕಳು. ಅವ್ವನ ಮುಖ ನೋಡಿದ ಮೇಲೆ ನಗು ನಿಂತಿತು.

ಹೊನ್ನಾಳಿ, ನ್ಯಾಮತಿ ಕಡೆ ದೀಪಾವಳಿಯೆಂದರೆ ಹೋರಿ ಹಬ್ಬ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಕೋಡಿಗೆ ಬಲೂನು ಕಟ್ಟಿ, ಬೆನ್ನಿಗೆ ಜೂಲ ಹೊದಿಸಿ, ಬೀದಿಯ ಎರಡೂ ಕಡೆ ಜನ ನಿಂತಿರುವಾಗ ಬಿಡುತ್ತಾರೆ. ಹರೆಯದ ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹೋರಿ ಹರಿಯಗೊಡದೆ ಆಚೆ ತುದಿ ಮುಟ್ಟಬೇಕು. ಮುಟ್ಟಿದ ಹೋರಿಯ ಹೆಸರು ಊರೂರಿಗೆ ಹೋಗುತ್ತದೆ. ಅಂಥವು ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಮಣ್ಣು ಮಾಡಿ, ಮೇಲೆ ಗದ್ದುಗೆ ಕಟ್ಟಿ, ವರ್ಷಕ್ಕೊಮ್ಮೆ ಎಡೆ ಇಡುವುದುಂಟು.

ಗಿಡ್ಡಮ್ಮ ಗೋವಿನಕೋವಿಯ ರೇವಣ್ಣನ ಮೊದಲ ಮಗಳು. ಮಾಲತೇಶ್ ಅವಳ ಬೆನ್ನಿಗೆ ಹುಟ್ಟಿದವನು. ಏಳನೇ ತರಗತಿ ಮುಗಿದ ಬೇಸಿಗೆಯಲ್ಲಿ ಅವಳನ್ನು ಶಾಲೆ ಬಿಡಿಸಿದರು, ಅವನನ್ನು ಮುಂದಕ್ಕೆ ಕಳಿಸಿದರು. ಯಾರೂ ಕಾರಣ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅದೇ ಬೇಸಿಗೆಯಲ್ಲಿ ಮನೆಯ ಹಸು ಕರು ಹಾಕಿ ಸತ್ತಿತು. ಕರು ಬೆಳ್ಳಗಿತ್ತು, ಎದ್ದು ನಿಲ್ಲಲು ಬಾರದಷ್ಟು ಸೊರಗಿತ್ತು. "ಉಳಿಯಲ್ಲ ಬಿಡು" ಎಂದ ಅಪ್ಪ. ಅವಳು ಬಿಡಲಿಲ್ಲ. ಬಿದಿರಿನ ಗೊಟ್ಟದಲ್ಲಿ ಗಂಜಿ ಹುಯ್ದಳು, ಕೊಟ್ಟಿಗೆಯಲ್ಲೇ ಚಾಪೆ ಹಾಸಿದಳು. ಬೆಳ್ಳ ಎಂದು ಕರೆದಳು. ಅದು ಮೊದಲು ಕಲಿತದ್ದು ಹುಲ್ಲು ತಿನ್ನುವುದನ್ನಲ್ಲ, ಅವಳ ದನಿಗೆ ಕಿವಿ ತಿರುಗಿಸುವುದನ್ನು.

ಬೆಳ್ಳ ಬೆಳೆದಂತೆ ಮಧ್ಯಾಹ್ನದ ಹೊತ್ತು ಮೈತೊಳೆಯಲು ಹೊಳೆಗೆ ಕರೆದುಕೊಂಡು ಹೋಗುವುದು ಅವಳ ಕೆಲಸವಾಯಿತು. ತುಂಗಭದ್ರೆ ಇಳಿದ ಕಾಲದಲ್ಲಿ ದಂಡೆಗೆ ಅಗಲ ಮಳಲು. ನೆನೆಸಿದ ಹುರುಳಿಯ ಬುಟ್ಟಿ ಹಿಡಿದು, ಲಂಗ ಎತ್ತಿಕಟ್ಟಿ, ಅವಳು ಮುಂದೆ ಓಡುತ್ತಿದ್ದಳು. "ಬಾರೋ ಬೆಳ್ಳಾ!" ಎಂದು ತುದಿಯಲ್ಲಿ ನಿಂತು ಕೂಗುತ್ತಿದ್ದಳು. ಬೆಳ್ಳ ಮಳಲು ಹಾರಿಸುತ್ತ ಬಂದು ಬುಟ್ಟಿಗೆ ಮೂತಿ ಹಾಕುತ್ತಿತ್ತು. ಮತ್ತೆ ಈ ತುದಿಯಿಂದ ಆ ತುದಿಗೆ. ಆ ವಯಸ್ಸಿನ ಹುಡುಗಿ ಊರೊಳಗೆ ಓಡುವ ಹಾಗಿರಲಿಲ್ಲ, ಗಟ್ಟಿಯಾಗಿ ನಗುವ ಹಾಗೂ ಇರಲಿಲ್ಲ. ಮಳಲಿನಲ್ಲಿ ಎರಡೂ ನಡೆಯುತ್ತಿದ್ದವು, ಏಕೆಂದರೆ ಮನೆಯ ಹೋರಿ ಹಬ್ಬಕ್ಕೆ ತಯಾರಾಗುತ್ತಿತ್ತು. ಉಸಿರು ಕಟ್ಟುವವರೆಗೆ ಓಡಿ, ಬಿದ್ದು, ಬಿಸಿ ಮಳಲಿನ ಮೇಲೆ ಮಲಗಿ, ಪಕ್ಕದಲ್ಲಿ ಬೆಳ್ಳನ ಉಸಿರು ಕೇಳುತ್ತ ಆಕಾಶ ನೋಡಿದ್ದು. ಹರೆಯ ಎಂದರೆ ಗಿಡ್ಡಮ್ಮನಿಗೆ ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಯಾರೂ ಕೊಟ್ಟಿರಲಿಲ್ಲ.

ಹಬ್ಬದ ದಿನ ಮಾತ್ರ ಬೆಳ್ಳ ಅವಳದಾಗಿರುತ್ತಿರಲಿಲ್ಲ. ಸಿಂಗರಿಸಿ ಪೂಜೆಯಾದ ಹೋರಿಯನ್ನು ಹೆಣ್ಣು ಮುಟ್ಟಬಾರದು, ಹೆಣ್ಣು ಅಖಾಡಕ್ಕೆ ಇಳಿಯಬಾರದು. ಹಗ್ಗ ಹಿಡಿಯುವವನು ಮಾಲತೇಶ್. ಹೋರಿಗೆ ಸರದಾರ ಎಂಬ ಹೆಸರಿಟ್ಟವನೂ ಅವನೇ. ಅವಳು ಬೀದಿಯ ಆಚೆ ತುದಿಯ ತಿಪ್ಪೆ ಹತ್ತಿ ನಿಲ್ಲುತ್ತಿದ್ದಳು. ತಮ್ಮ ಹಗ್ಗ ಬಿಟ್ಟೊಡನೆ ಕೂಗುತ್ತಿದ್ದಳು. ಹಲಗೆ, ಸಿಳ್ಳೆ, ಪಟಾಕಿ ಎಲ್ಲದರ ನಡುವೆ ಬೆಳ್ಳ ಆ ದನಿಯೊಂದನ್ನೇ ಹಿಡಿದು, ಅತ್ತ ಇತ್ತ ನೋಡದೆ ಬರುತ್ತಿತ್ತು. ಹಿಡಿಯಲು ಬಂದ ಹುಡುಗರು ಬದಿಗೆ ಉರುಳುತ್ತಿದ್ದರು. "ರೇವಣ್ಣನ ಮಗ ಎಂಥಾ ಹೋರಿ ಬಿಟ್ಟನಲೇ!" ಎಂದು ಜನ ಅವನನ್ನು ಹೆಗಲ ಮೇಲೆ ಹೊರುತ್ತಿದ್ದರು. ತಿಪ್ಪೆಯ ಮೇಲೆ ನಿಂತವಳಿಗೆ ಬೇಸರವಾಗುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿದೆ ಎಂದೇ ಅವಳು ನಂಬಿದ್ದಳು.

ಹದಿನೇಳಕ್ಕೆ ಸೊಕ್ಕೆಗೆ ಕೊಟ್ಟರು. ಮೊದಲ ದೀಪಾವಳಿಗೆ ಗಂಡನ ಜೊತೆ ತವರಿಗೆ ಬಂದಳು. ಪಾಡ್ಯದ ದಿನ ಹೊರಗೆ ಹಲಗೆಯ ಸದ್ದು ಏರುತ್ತಿದ್ದಂತೆ ಅವಳು ಸೆರಗು ಸಿಕ್ಕಿಸಿ ಬಾಗಿಲಿಗೆ ಬಂದಳು. ಅವ್ವ ರಟ್ಟೆ ಹಿಡಿದಳು.

"ಎಲ್ಲಿಗೆ?"

"ತಿಪ್ಪೆ ಹತ್ರ ಹೋಗಿ ಬರ್ತೀನವ್ವಾ. ಬೆಳ್ಳ ನೋಡ್ತಿರ್ತೈತೆ."

"ಒಳಗೆ ಅಳಿಯ ಕುಂತಾನೆ. ಮದುವ್ಯಾದೋಳು ತಿಪ್ಪೆ ಮ್ಯಾಲೆ ನಿಂತು ಕೂಗಿದ್ರೆ ಮೂರು ಊರು ನಗ್ತಾವೆ."

ತಲೆಗೆ ವಸ್ತ್ರ ಸುತ್ತುತ್ತಿದ್ದ ಮಾಲತೇಶ್ ಹೊಸಿಲಲ್ಲೇ ತಿರುಗಿದ. "ಹಗ್ಗ ಹಿಡಿಯೋನು ನಾನಿದೀನಿ, ನೀ ಯಾಕೆ? ಹೋಳಿಗೆ ತಟ್ಟು ಹೋಗು."

ಅವಳು ಹೋಳಿಗೆ ತಟ್ಟಿದಳು. ಹೊರಗೆ ಕೂಗು ಎದ್ದಿತು. ಆಮೇಲೆ ಗಕ್ಕನೆ ಮೌನ. ಆಮೇಲೆ ನಗು. ಕಿಟಕಿಯಾಚೆ ಯಾರೋ ಓಡುತ್ತ ಕಿರುಚಿದರು: "ಸರದಾರ ನಿಂತ್ಕಂಬಿಡ್ತಲೇ! ಮದುವೆ ಹೆಣ್ಣು ನಿಂತಂಗೆ ನಿಂತ್ಕಂಬಿಡ್ತು!"

ಬೆಳ್ಳ ಅರ್ಧ ಬೀದಿ ಬಂದಿತ್ತು. ದನಿ ಕೇಳಲಿಲ್ಲ. ನಿಂತು, ಕತ್ತೆತ್ತಿ, ತಿಪ್ಪೆಯ ಕಡೆ ನೋಡಿತು. ಅಷ್ಟರಲ್ಲಿ ಹುಡುಗರು ಮುಗಿಬಿದ್ದು ಕೊಬ್ಬರಿಯನ್ನೂ ಬಲೂನನ್ನೂ ಜೂಲವನ್ನೂ ಹರಿದುಕೊಂಡರು. ಅದು ಕೊಸರಾಡಲಿಲ್ಲವಂತೆ. ಮನೆಗೆ ತಂದ ಮಾಲತೇಶ್ ಕೊಟ್ಟಿಗೆಯಲ್ಲಿ ಅದೇ ಹಗ್ಗದಿಂದ ಅದನ್ನು ಬಾರಿಸಿದ. ಉಣ್ಣಲು ಕೂತಿದ್ದ ಚಿಕ್ಕಹನುಮಂತಪ್ಪ ಎಲೆ ಬಿಟ್ಟು ಎದ್ದು ಹೋಗಿ ಹಗ್ಗ ಕಿತ್ತುಕೊಂಡ. ಹೊಸ ಅಳಿಯ ಎದ್ದನೆಂದು ಮನೆಯವರು ಗಾಬರಿಯಾದರು. ಹೋರಿಗೆ ಬಾಸುಂಡೆ ಬಂದದ್ದಕ್ಕೆ ಯಾರೂ ಗಾಬರಿಯಾಗಲಿಲ್ಲ.

ಯುಗಾದಿಗೆ ಬಂದಾಗ ಕೊಟ್ಟಿಗೆ ಖಾಲಿಯಿತ್ತು. "ಮಾನ ಕಳೆದ ಹೋರಿ, ಮಾರಿದ್ವಿ" ಎಂದ ಅಪ್ಪ. ಹಗ್ಗ ಹಿಡಿದು ಚನ್ನಗಿರಿಗೆ ನಡೆಸಿಕೊಂಡು ಹೋದವನು ಮಾಲತೇಶ್. ಗಂಡ ಅವಳನ್ನು ಬಸ್ಸು ಹತ್ತಿಸಿ ಚನ್ನಗಿರಿಗೆ ಕರೆದುಕೊಂಡು ಹೋದ. ದನದ ದಲ್ಲಾಳಿ ಪಾಪಣ್ಣ ಟೀ ಅಂಗಡಿಯಲ್ಲಿ ಸಿಕ್ಕ.

"ಬಿಳಿ ಹೋರಿನಾ? ಎಲ್ಲೈತೋ ತಾಯಿ," ಎಂದ ಅವನು, ಬಸಿಯಲ್ಲಿದ್ದ ಟೀ ಊದುತ್ತ. "ಬಂದಿದ್ದು ಬಂದಂಗೆ ದಾಟಿಸ್ತೀವಿ. ನೆಪ್ಪಿಟ್ಕಳಾಕೆ ಅವೇನು ನೆಂಟರಾ?"

ಮೂವತ್ತು ವರ್ಷ ಗಿಡ್ಡಮ್ಮ ಇದನ್ನು ತವರಿನಲ್ಲಿ ಎತ್ತಲಿಲ್ಲ. ಅಪ್ಪನ ಹಟ, ತಮ್ಮನ ಹುಡುಗುಬುದ್ಧಿ, ತನ್ನ ಹಣೆಬರಹ ಎಂದು ಒಂದೊಂದಾಗಿ ಮಣ್ಣು ಎಳೆದು ಮುಚ್ಚಿದಳು. ಅಪ್ಪ, ಅವ್ವ ಇಬ್ಬರೂ ಹೋದರು. ಆಸ್ತಿಯ ಹಕ್ಕು ಬಿಟ್ಟುಕೊಟ್ಟಳು. ಮೈ ಸೋತ ಮಧ್ಯಾಹ್ನಗಳಲ್ಲಿ, ಮರವಿಲ್ಲದ ಸೊಕ್ಕೆಯ ಹೊಲದಲ್ಲಿ ಬಾಗಿ ನಿಂತಾಗ, ಒಂದು ಗಳಿಗೆ ಆ ಮಳಲಿನ ಮೇಲೆ ಮಲಗಿ ಬರುತ್ತಿದ್ದಳು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಈಗ ಅದೇ ಮಳಲಿನ ಮೇಲೆ ತಮ್ಮ ನಿಂತು, ಓಡಿದ್ದು ನಾನು ಎನ್ನುತ್ತಿದ್ದ.

ಸಂಜೆಗೆ ಅವನದೇ ಫೋನು ಬಂತು. "ಅಕ್ಕಾ, ಸೋಮವಾರ ಗದ್ದುಗೆ ಪೂಜೆ ಐತೆ. ಮನಿ ಮಗಳು ನೀನು, ಮೊದಲ ಆರತಿ ನಿಂದೇ. ನೀ ಎತ್ತಿದ ಮ್ಯಾಲೇ ಉಳಿದೋರು."

"ಬರ್ತೀನಿ."

"ಸೀರೆ ತಂದೀನಿ ನಿಂಗೆ, ಹಸಿರು..."

"ಬರ್ತೀನಿ ಅಂದ್ನಲ್ಲ."

ಸೋಮವಾರ ಬೆಳಿಗ್ಗೆ ಚಿಕ್ಕಹನುಮಂತಪ್ಪ, "ನಾನೂ ಬರ್ಲಾ?" ಎಂದ.

"ಬ್ಯಾಡ. ನೀವು ಪಕ್ಕದಾಗಿದ್ರೆ ನಂಗೆ ಸಿಟ್ಟು ಇಳೀತೈತೆ. ಇವತ್ತು ಇಳಿಯಬಾರದು."

ಮಮತಾಳನ್ನು ಕರೆದುಕೊಂಡು ಹೊರಟಳು. ದಾವಣಗೆರೆ ದಾಟಿ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿದರು.

ಮನೆಯಲ್ಲಿ ತಮ್ಮನ ಹೆಂಡತಿ ಪವಿತ್ರ ಕಾಲಿಗೆ ನೀರು ಕೊಟ್ಟಳು. ಒಳಗೆ ಅಡುಗೆಯ ಘಮ. ಗಿಡ್ಡಮ್ಮ ಸೀರೆಯ ಕಡೆ ನೋಡದೆ ತಮ್ಮನನ್ನು ಹಿತ್ತಲಿಗೆ ಕರೆದಳು.

"ಬೆಳ್ಳನ್ನ ಎಲ್ಲಿ ಮಣ್ಣು ಮಾಡ್ದೆ?"

ಅವನು ನಕ್ಕ. "ಬೆಳ್ಳ ಅಂತ ಈಗ ಯಾರಂತಾರಕ್ಕ? ಸರದಾರ."

"ಸರಿ. ಸರದಾರನ್ನ ಎಲ್ಲಿ ಮಣ್ಣು ಮಾಡ್ದೆ?"

ಮಾಲತೇಶ್ ಹಿತ್ತಲ ಬಾಗಿಲು ಮುಂದಕ್ಕೆಳೆದ. "ಹುಡುಗ್ರು ಕೇಳಿದ್ರಕ್ಕಾ. ಸುತ್ತ ಊರಾಗೆಲ್ಲ ಹೋರಿ ಗದ್ದುಗೆ ಅದಾವೆ, ನಮ್ಮೂರಿಗೆ ಒಂದೂ ಇಲ್ಲ ಅಂದ್ರು. ಒಳ್ಳೇ ಕೆಲಸಕ್ಕೆ ಒಂದು ಮಾತು ಆಚೀಚೆ ಆದ್ರೆ ಏನಾತು? ಮಾರಿದ್ದು ಅಪ್ಪ, ನಾನಲ್ಲ."

"ಹಗ್ಗ ಹಿಡಿದೋನು?"

"ಮೀಸೆ ಬರದ ಹುಡುಗ ನಾನು! ಹೋಗು ಅಂದ, ಹೋದೆ. ಚನ್ನಗಿರಿ ಮುಟ್ಟೋತನ ಅತ್ಕಂತ ಹೋಗೀನಿ. ಅದು ನನ್ನ ಕೈ ನೆಕ್ಕಂತಾನೇ ಬಂತು. ನಿಂಗೇನು ಗೊತ್ತೈತೆ?"

ಹೇಳುತ್ತ ಅವನು ತನ್ನ ಅಂಗೈ ನೋಡಿಕೊಂಡ. ಅದು ಸುಳ್ಳಲ್ಲ ಎಂದು ಗಿಡ್ಡಮ್ಮನಿಗೆ ಗೊತ್ತಾಯಿತು. ಗೊತ್ತಾದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

"ಅತ್ತಿದ್ದನ್ನೇ ಹೇಳಬೇಕಿತ್ತಲ್ಲೋ. ಅದು ನಿಂದು. ನಾನು ಓಡಿದ್ದನ್ನ ಯಾಕೆ ನೀನು ಓಡಿದ್ದು ಅಂದೆ? ನಿಂಗೆ ಹೈಸ್ಕೂಲಿತ್ತು, ಕ್ರಿಕೆಟಿತ್ತು, ಹೊನ್ನಾಳಿ ಟಾಕೀಸಿತ್ತು, ಸೈಕಲ್ಲಿತ್ತು. ನಂಗೆ ಅದೊಂದೇ ಇದ್ದಿದ್ದು. ಹೊಲ ಕೇಳಿಲ್ಲ ನಿನ್ನ, ಮನೆ ಕೇಳಿಲ್ಲ. ಇದಕ್ಕೂ ಕೈ ಹಾಕಿದ್ಯಲ್ಲ!"

"ಈಗ ಯಾರಿಗೆ ಬೇಕಕ್ಕ ಅದು..."

"ನಂಗೆ ಬೇಕು. ಇವತ್ತು ಮೈಕಿನಾಗೆ ಹೇಳು. ಮಾರಿದ್ದು ಬಿಡು, ಅದು ಮನೆ ಮಾನ. ಸಾಕಿದ್ದು ಅಕ್ಕ, ಓಡಿಸಿದ್ದು ಅಕ್ಕ ಅನ್ನು. ಅಂದ್ರೆ ಆರತಿ ಎತ್ತುತೀನಿ. ಸತ್ತದ್ದೆಲ್ಲೋ, ಇಲ್ಲೇ ಐತೆ ಅಂತ ನಾನೂ ಕೈ ಮುಗೀತೀನಿ."

ಹೊರಗೆ ಹುಡುಗರು ಕೂಗುತ್ತಿದ್ದರು. "ಹೇಳ್ತೀನಿ ನಡಿ," ಎಂದ ಮಾಲತೇಶ್. "ಹೇಳ್ತೀನಿ."

ಹೊಳೆದಂಡೆಯಲ್ಲಿ ಶಾಮಿಯಾನ ಹಾಕಿದ್ದರು. ಒಂದೇ ಬಣ್ಣದ ಟೀಶರ್ಟ್ ತೊಟ್ಟ ಹುಡುಗರು ಓಡಾಡುತ್ತಿದ್ದರು. ಗದ್ದುಗೆಗೆ ಕಪ್ಪು ಕಲ್ಲು ಹೊದಿಸಿ ಹೂವಿನಲ್ಲಿ ಮುಚ್ಚಿದ್ದರು. ಹಿಂದೆ ದೊಡ್ಡ ಬ್ಯಾನರು, ಅದರಲ್ಲಿ ಒಂದು ಕೆಂದು ಹೋರಿ. ಬೆಳ್ಳನ ಫೋಟೋ ಯಾರ ಹತ್ತಿರವೂ ಇರಲಿಲ್ಲವಾದ್ದರಿಂದ ಯಾವುದೋ ಊರಿನ ಹೋರಿಯನ್ನು ತಂದು ಹಾಕಿದ್ದರು. ಯಾರಿಗೂ ಬಣ್ಣ ಕೂಡ ನೆನಪಿರಲಿಲ್ಲ.

ಊರ ಹಿರಿಯ ವಿರೂಪಾಕ್ಷಪ್ಪ ನಾಲ್ಕು ಮಾತಾಡಿ ಕೂತ. ಮಾಲತೇಶ್ ಮೈಕು ಹಿಡಿದ. ಗೊಟ್ಟ, ಗಂಜಿ, ಮಳಲು, ಎಲ್ಲವೂ ಮತ್ತೆ ಬಂದವು; ಎಲ್ಲದರಲ್ಲೂ ಅವನೇ ಇದ್ದ. ಗಿಡ್ಡಮ್ಮ ಆರತಿ ತಟ್ಟೆ ಹಿಡಿದು ಹೆಂಗಸರ ಮುಂದೆ ನಿಂತು ಕಾದಳು. ಕೊನೆಗೆ ಅವನ ಕಣ್ಣು ಅವಳ ಮೇಲೆ ಬಿತ್ತು.

"ನಮ್ಮಕ್ಕನೂ ಬಂದಾಳೆ. ಸಣ್ಣೋಳಿದ್ದಾಗ ಆಕೇನೂ ಒಂದೊಂದ್ಸಲ ಸರದಾರನಿಗೆ ಹುಲ್ಲು ಹಾಕ್ತಿದ್ಲು. ಆಕೆಗೊಂದು ಚಪ್ಪಾಳೆ."

ಜನ ಚಪ್ಪಾಳೆ ತಟ್ಟಿದರು. ಗಿಡ್ಡಮ್ಮನಿಗೆ ಅದು ಕೆನ್ನೆಗೆ ಬಿದ್ದ ಹಾಗೆ ಕೇಳಿತು. ಪೂಜಾರಿ, "ಆರತಿ ಎತ್ತಮ್ಮ" ಎಂದ.

"ಎತ್ತಲ್ಲ."

"ಯಾಕಮ್ಮಾ?"

"ಖಾಲಿ ನೆಲಕ್ಕೆ ಆರತಿ ಎತ್ತಲ್ಲ ನಾನು."

ಮುಂದಿದ್ದ ಹುಡುಗನೊಬ್ಬ, "ಖಾಲಿ ಅಂದ್ರೆ ಹೆಂಗೆ ಅಮ್ಮಾ?" ಎಂದ. "ನಿಮ್ಮಣ್ಣನ್ನ ಕೇಳು" ಎಂದಳು. ಎಲ್ಲರೂ ಮಾಲತೇಶನ ಕಡೆ ತಿರುಗಿದರು. ಮೈಕು ಅವನ ಕೈಯಲ್ಲೇ ಇತ್ತು. ಅದರೊಳಗಿಂದ ಅವನ ಉಸಿರು ಹೊಳೆಯ ಆಚೆ ದಂಡೆಗೂ ಕೇಳುತ್ತಿತ್ತು.

"ಅಪ್ಪ ಮಾರಿಬಿಟ್ಟ," ಎಂದ ಕೊನೆಗೆ. "ಚನ್ನಗಿರಿಗೆ. ನಾನೇ ಹೊಡ್ಕಂಡು ಹೋಗಿದ್ದೆ. ಇಲ್ಲಿ ಮಣ್ಣು ಮಾಡಿಲ್ಲ."

ಹುಡುಗರಲ್ಲಿ ಗುಜುಗುಜು ಎದ್ದಿತು. ವಿರೂಪಾಕ್ಷಪ್ಪ ತಲೆ ತಗ್ಗಿಸಿದ. ಮಾಲತೇಶನ ಮುಖ ಬೆವತಿತ್ತು, ಆದರೂ ಹೊರೆ ಇಳಿಸಿದವನ ಹಾಗೆ ಅಕ್ಕನನ್ನು ನೋಡಿದ.

"ಮಾರಿದ್ದು ನಾ ಕೇಳಲಿಲ್ಲ," ಎಂದಳು ಗಿಡ್ಡಮ್ಮ. "ಅದನ್ನ ಬಿಡು ಅಂತಾನೇ ಹೇಳಿದ್ದೆ. ಸಾಕಿದ್ದು ಯಾರು, ಅದನ್ನ ಹೇಳು."

ಅವನು ಬಾಯಿ ತೆರೆದ. ಊರೆದುರು ತಪ್ಪು ಒಪ್ಪಿಕೊಂಡ ಬಾಯಿಗೆ ಈ ಮಾತು ಬರಲಿಲ್ಲ. ಮೂವತ್ತು ವರ್ಷ ಹೇಳಿ ಹೇಳಿ ಆ ಮಳಲು ಅವನದೇ ಆಗಿಬಿಟ್ಟಿತ್ತು. ಕೊಟ್ಟುಬಿಟ್ಟರೆ ಅವನ ಹರೆಯದಲ್ಲಿ ಉಳಿಯುವುದು ಹಗ್ಗ ಒಂದೇ.

"ಮನಿಯೋರೆಲ್ಲ ಸೇರಿ..." ಎಂದು ನಿಲ್ಲಿಸಿದ.

ಹೆಂಗಸರ ನಡುವಿನಿಂದ ಮುದುಕಿ ಸರ್ವಮಂಗಳಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. "ತಿಪ್ಪೆ ಮ್ಯಾಲೆ ನಿಂತು ಕೂಗ್ತಿದ್ದ ಹುಡುಗಿ ನೀನೇ ಅಲ್ಲೇನೇ? ಹೌದು, ನಾನು ನೋಡೀನಿ."

"ನೋಡೀರಲ್ಲ, ಮತ್ತೆ ಇಷ್ಟು ವರ್ಷ ಎಲ್ಲಿಟ್ಟಿದ್ರಿ ಬಾಯಿ?" ಗಿಡ್ಡಮ್ಮ ಹೆಂಗಸರ ಕಡೆ ತಿರುಗಿದಳು. "ಅವನನ್ನ ಹೆಗಲ ಮ್ಯಾಲೆ ಹೊತ್ತಾಗ ಒಬ್ಬರಾದ್ರೂ ಅಂದ್ರೇನು?"

ಅವಳು ಆರತಿ ತಟ್ಟೆಯನ್ನು ಪವಿತ್ರಳ ಕೈಗಿಟ್ಟು, ಮಗಳ ಕೈ ಹಿಡಿದು ರಸ್ತೆಗೆ ನಡೆದಳು. ಹಿಂದೆ ಯಾರೋ ಗಲಿಬಿಲಿಯಲ್ಲಿ ಹಾಡು ಹಾಕಿದರು, ಯಾರೋ ಬೈದು ನಿಲ್ಲಿಸಿದರು.

ಬಸ್ ಸ್ಟಾಪಿಗೆ ಪವಿತ್ರ ಏದುಸಿರು ಬಿಡುತ್ತ ಬಂದಳು. ತಟ್ಟೆ ಕೈಯಲ್ಲಿರಲಿಲ್ಲ.

"ಅಕ್ಕಾ, ಊಟ ಮಾಡಿ ಹೋಗ್ರಿ. ತವರಿಗೆ ಬಂದು ಹಸ್ಕಂಡು ಹೋಗಬ್ಯಾಡ್ರಿ, ಮನಿಗೆ ಒಳ್ಳೇದಲ್ಲ."

"ನಿನ್ನ ಮ್ಯಾಲೆ ನಂಗೇನೂ ಇಲ್ಲ ಪವಿತ್ರಾ. ಅವನು ಹೇಳಿದ ದಿನ ಬಂದು ಉಣ್ತೀನಿ."

"ಹೇಳದಿದ್ರೆ?"

ಗಿಡ್ಡಮ್ಮ ರಸ್ತೆ ನೋಡಿದಳು. ಬಸ್ಸು ತಿರುವಿನಲ್ಲಿ ಕಾಣಿಸಿತ್ತು. "ಹೇಳದಿದ್ರೆ ಇಲ್ಲ."

ಪವಿತ್ರ ಅಲ್ಲೇ ನಿಂತಳು. ತಡೆಯಲೂ ಇಲ್ಲ, ಗಂಡನ ಪರ ಮಾತಾಡಲೂ ಇಲ್ಲ. ಬಸ್ಸು ನಿಂತಾಗ ಮಾತ್ರ ಮೆಲ್ಲಗೆ, "ನಂಗೆ ಗೊತ್ತಿರಲಿಲ್ಲಕ್ಕಾ" ಎಂದಳು.

"ಈಗ ಗೊತ್ತಾತಲ್ಲ. ಹುಡುಗ್ರಿಗೆ ಹೇಳು."

ಬಸ್ಸಿನಲ್ಲಿ ಗಿಡ್ಡಮ್ಮ ಕಿಟಕಿಯ ಪಕ್ಕ ಕೂತಳು. ಹೊನ್ನಾಳಿ ಹತ್ತಿರ ಬಂದಾಗ ಮಮತಾ, ಕೇಳಲೋ ಬೇಡವೋ ಎಂಬಂತೆ, "ಹೆಂಗಿತ್ತವ್ವಾ ಬೆಳ್ಳ?" ಎಂದಳು.

"ಬೆಳ್ಳಗಿತ್ತು," ಎಂದಳು ಗಿಡ್ಡಮ್ಮ, ಜಗಳಕ್ಕೆ ನಿಂತವಳ ಹಾಗೆ. "ಕೆಂದು ಅಲ್ಲ, ಬಿಳಿ. ಎಡಗಡೆ ಕಿವಿ ಒಂಚೂರು ಹರಿದಿತ್ತು. ಕೇಳು, ಸರಿಯಾಗಿ ಕೇಳಿಸ್ಕ. ನಾಳೆ ಯಾರಾದ್ರೂ ಕೇಳಿದ್ರೆ ತಪ್ಪು ಹೇಳಬಾರದು ನೀನು."